ಸುಣಗಾರ ಬಾಳಮ್ಮನ ಹದಿನಾಲ್ಕು ಮೊಳ

ಕಮತಗಿಯಲ್ಲಿ ಯಾರನ್ನಾದರೂ ಕೇಳಿ, ನಾಗಲಿಂಗ ಮಾಸ್ತರ ಮುಂಗೋಪಿ ಎಂದೇ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನಿಗೆ ಸಿಟ್ಟು ಬಾರದೆ ಇನ್ನೇನು ಬಂದೀತು? ಮೂವತ್ತೊಂದು ವರ್ಷವೂ ನಾನು ಪಾಠ ಹೇಳಿದ್ದೇನೆ, ಮೂವತ್ತೊಂದು ವರ್ಷವೂ ಹಿಂದಿನ ಬೆಂಚಿನಲ್ಲಿ ಯಾವನೋ ಒಬ್ಬ ನಿದ್ದೆ ಹೊಡೆದಿದ್ದಾನೆ. ಆದರೆ ನನ್ನ ಸಿಟ್ಟಿಗೆ ನಾನೇ ತಲೆ ತಗ್ಗಿಸಿದ್ದು ಒಂದೇ ಸಲ, ನಮ್ಮ ಓಣಿಯ ಸುಣಗಾರ ಬಾಳಮ್ಮನ ಅಂಗಳದಲ್ಲಿ. ಆಕೆಯ ವಿಷಯ ಬರೆದಿಡಬೇಕೆಂದು ಈಗ ಕುಳಿತದ್ದೂ ಅದಕ್ಕೇ.

ಬಾಳಮ್ಮನಿಗೆ ಈಗ ಅರವತ್ತೇಳು. ಹುಟ್ಟಿದ್ದು ಗುಡೂರಿನಲ್ಲಿ. ಹದಿನಾರಕ್ಕೆ ಮದುವೆಯಾಗಿ ಕಮತಗಿಗೆ ಬಂದವಳು. ಗಂಡ ದುರಗಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮನೆತನದ ಕಸುಬು ಸುಣ್ಣ ಸುಡುವುದು. ನಮ್ಮ ಕಡೆ ಹಳ್ಳದ ದಂಡೆ ಕಡಿದರೆ ಎರೆಮಣ್ಣಿನ ಕೆಳಗೆ ಬೆಳ್ಳಗೆ ಗಂಟುಗಂಟಾದ ಹರಳು ಸಿಗುತ್ತವೆ, ಹಸಿಶುಂಠಿಯ ತುಂಡಿನ ಆಕಾರದವು. ಅವನ್ನು ಆರಿಸಿ ತಂದು, ತೊಳೆದು, ಇದ್ದಿಲಿನ ಜೊತೆ ಭಟ್ಟಿಗೆ ತುಂಬಿ ಸುಟ್ಟು, ಮೇಲೆ ನೀರು ಹೊಯ್ದರೆ ಕೊತಕೊತ ಕುದಿದು ಹಿಟ್ಟಾಗುತ್ತವೆ. ಗೋಡೆಗೂ ಅದೇ ಸುಣ್ಣ, ಎಲೆ ಅಡಿಕೆಗೂ ಅದೇ. ಮಗ ದುಂಡೇಶ ಮಾತ್ರ ದಿನಾ ಬಸ್ಸು ಹತ್ತಿ ಇಳಕಲ್ಲಿನ ಪೇಂಟಿನ ಅಂಗಡಿಗೆ ಕೆಲಸಕ್ಕೆ ಹೋಗುತ್ತಾನೆ. “ಮಗ ಪೇಂಟ್ ಮಾರತಾನ, ತಾಯಿ ಸುಣ್ಣ ಮಾರತಾಳ. ಗ್ವಾಡಿ ಬಿಟ್ಟರ ನಮಗ ಬ್ಯಾರೆ ಗತಿ ಇಲ್ಲ ನೋಡ್ರಿ ಮಾಸ್ತರ್ರ,” ಎಂದು ಆಕೆಯೇ ನಗುತ್ತಾಳೆ.

ಸುಣ್ಣ ಸುಡುವುದಕ್ಕಿಂತ ಹರಳು ಆರಿಸುವುದು ಕಷ್ಟ. ಬಾಳಮ್ಮ ಅಂಗಳದಲ್ಲಿ ಕಾಲು ಚಾಚಿ ಕುಳಿತು ಎರಡು ಹರಳು ತಾಗಿಸಿ ಕಿವಿಗೊಡುತ್ತಾಳೆ. ಆಮೇಲೆ ನಾಲಿಗೆಯ ತುದಿಗೆ ಹಚ್ಚುತ್ತಾಳೆ. ನಾಲಿಗೆಗೆ ಎಷ್ಟು ಅಂಟಿಕೊಳ್ಳುತ್ತದೆ ಎಂಬುದರ ಮೇಲೆ ಅದು ಹೇಗೆ ಬೇಯುತ್ತದೆಂದು ಹೇಳುತ್ತಾಳೆ. ಖಣ್ ಎನ್ನುವವು ಒಂದು ಗುಂಪು, ಮಂದ ಸದ್ದಿನವು ಇನ್ನೊಂದು, ಉಗುರಿಗೆ ಉದುರುವವು ಮೂರನೆಯದು. ಮಣ್ಣು ಹತ್ತಿದ ಹರಳನ್ನು ತೊಳೆಯದೆ ಇಡುವುದು, ಬೆರಕೆ ಹರಳನ್ನು ಆರಿಸದೆ ಬಿಡುವುದು ಆ ಮನೆಯಲ್ಲಿ ನಡೆಯುವುದಿಲ್ಲ. ಅತ್ತೆ ಕಲಿಸಿದ್ದು ಹಾಗೆ. ಮುಸುರೆ ತಿಕ್ಕದೆ ಬಿಟ್ಟಷ್ಟೇ ನಾಚಿಕೆಯ ವಿಷಯ ಅದು ಅವರಿಗೆ. ಮುಂದೆ ಆದ ಅನಾಹುತಕ್ಕೆ ಈ ಅಚ್ಚುಕಟ್ಟುತನವೇ ಕಾರಣವಾಯಿತು.

ಕೆಲವು ವರ್ಷದ ಹಿಂದೆ ಒಂದು ಬೇಸಗೆಯಲ್ಲಿ ಫೈಜಾನ ಬಂದ. ಇಳಕಲ್ಲಿನವನು. ಅಪ್ಪ ಖಲೀಲ ಗ್ರಾನೈಟ್ ಪಾಲಿಶ್ ಮಾಡುವ ಕೆಲಸಗಾರ. ನಾನು ಇಳಕಲ್ಲಿನ ಶಾಲೆಯಲ್ಲಿದ್ದಾಗ ಫೈಜಾನ ನನ್ನ ಕೈಯಲ್ಲಿ ಕಲಿತವನು, ಈಗ ದೂರದ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆದವರಲ್ಲಿ ಇವನೂ ಇದ್ದನೆಂದು ನನಗೆ ಚೆನ್ನಾಗಿ ನೆನಪಿದೆ, ಅವನು ಒಪ್ಪುವುದಿಲ್ಲ.

“ಸರ, ಸುಣ್ಣದ ಹರಳು ಮ್ಯಾಲಿಂದ ಕೆಳಗಿನ ತನಕಾ ಪದರ ಪದರ ಕಾಣೋ ದಂಡಿ ಎಲ್ಲೈತ್ರಿ?” ಎಂದು ಕೇಳಿದ.

“ಏನ್ ಮಾಡ್ತಿ ಅದನ್ನ ತಗೊಂಡು? ಸುಣ್ಣದ ಭಟ್ಟಿ ಹಾಕ್ತಿ ಏನು?”

“ಹಿಮಯುಗ ಮುಗದ ಮ್ಯಾಲ ನಮ್ಮ ಕಡೆ ಮಳಿ ಹೆಂಗ ತಿರುಗಿ ಬಂತು ಅಂತ ನೋಡಬೇಕ್ರಿ ಸರ. ಸಾವಕಾಶ ಬಂತೋ, ಒಮ್ಮೆಲೇ ಬಂತೋ. ನನ್ನ ಪ್ರಬಂಧ ನಿಂತಿದ್ದ ಆ ಒಂದು ಪ್ರಶ್ನಿ ಮ್ಯಾಲ.”

ನನಗೆ ನಗು ಬಂತು. ಹಿಮಯುಗವೆಂದರೆ ನಮ್ಮ ಪಾಠಪುಸ್ತಕದಲ್ಲಿ ಒಂದು ಪ್ಯಾರಾ, ಪರೀಕ್ಷೆಯಲ್ಲಿ ಎರಡು ಅಂಕ. ಅದು ನಡೆದದ್ದು ಎಲ್ಲೋ ಬಿಳಿ ಕರಡಿಗಳ ದೇಶದಲ್ಲಿ, ಕಮತಗಿಗೂ ಅದಕ್ಕೂ ಏನು ಸಂಬಂಧ? ಆದರೂ ಹಳೆಯ ವಿದ್ಯಾರ್ಥಿ ಕೇಳಿದ್ದಾನೆಂದು ಬಾಳಮ್ಮನ ಹತ್ತಿರ ಕರೆದುಕೊಂಡು ಹೋದೆ. ಊರ ಹೊರಗೆ ಒಂದು ಹಳ್ಳ ಮಲಪ್ರಭೆಗೆ ಕೂಡುವಲ್ಲಿ ನೆಲ ಗೋಡೆಯಂತೆ ಕಡಿದು ನಿಂತಿತ್ತು. ಸುಣಗಾರರು ಮೂರು ತಲೆಮಾರಿನಿಂದ ಹರಳು ತೆಗೆದದ್ದು ಅಲ್ಲೇ. “ಒಟ್ಟ ಹದಿನಾಲ್ಕು ಮೊಳ ಅದಾವಪ್ಪಾ. ಒಂದೊಂದು ಮೊಳದ್ದು ಒಂದೊಂದು ಗುಣ,” ಎಂದಳು ಬಾಳಮ್ಮ. ಆ ಸಲ ಫೈಜಾನ ಎಂಟು ಹರಳು ಮಾತ್ರ ಒಯ್ದ, ಪರೀಕ್ಷೆ ಮಾಡಿ ನೋಡಲು.

ಮರುವರ್ಷ ಮೇ ತಿಂಗಳಲ್ಲಿ ತಿರುಗಿ ಬಂದವನ ಮುಖದಲ್ಲಿ ಬೇರೆಯೇ ಬೆಳಕಿತ್ತು. ಎಂಟೂ ಹರಳಿನ ವಯಸ್ಸು ಗೊತ್ತಾಗಿತ್ತು. ನಮ್ಮಿಬ್ಬರನ್ನೂ ದಂಡೆಯ ಮುಂದೆ ನಿಲ್ಲಿಸಿ, ಎಲ್ಲಕ್ಕಿಂತ ಕೆಳಗಿನ ಹರಳಿಗೆ ಮೂವತ್ತು ಸಾವಿರ ವರ್ಷ ಎಂದ. ಆಮೇಲೆ ಬಾಳಮ್ಮನ ಕೈಹಿಡಿದು, ಮೇಲಿನಿಂದ ಒಂಬತ್ತನೆಯ ಮೊಳದ ಮೇಲೆ ಇಟ್ಟ.

“ಆಯಿ, ಈಗ ನಿಮ್ಮ ಕೈ ಐತೆಲ್ಲ, ಅಲ್ಲಿಗೆ ಸುಮಾರು ಇಪ್ಪತ್ತು ಸಾವಿರ ವರ್ಷ. ಈ ಮಣ್ಣು ಬಂದು ಕೂಡೋ ಹೊತ್ತಿಗೆ ಉತ್ತರದ ದೇಶದೊಳಗ ನೆಲದ ಮ್ಯಾಲ ಮೂರು ಕಿಲೋಮೀಟರ್ ದಪ್ಪ ಹಿಮ ಕುಂತಿತ್ತು.”

ಬಾಳಮ್ಮ ಅರ್ಥವಾಗದೆ ನನ್ನ ಮುಖ ನೋಡಿದಳು. ಇಲ್ಲಿಂದ ನಮ್ಮ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಎಷ್ಟೋ ಅಷ್ಟು, ಎಂದೆ ನಾನು. ಹೇಳಿದ ಮೇಲೆ ನಾನೇ ಬೆಚ್ಚಿದೆ. ಮೂರು ಕಿಲೋಮೀಟರ್ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ, ಆದರೆ ಕತ್ತೆತ್ತಿ ಆಕಾಶದಲ್ಲಿ ಅದನ್ನು ಅಳೆದು ನೋಡಿದ್ದು ಅವತ್ತೇ.

“ಅಷ್ಟು ನೀರು ಎಲ್ಲಿಂದ ಬಂತಪ್ಪಾ?” ಎಂದಳು.

“ಸಮುದ್ರದಿಂದ, ಆಯಿ. ಸಮುದ್ರ ನೂರಾ ಇಪ್ಪತ್ತು ಮೀಟರ್ ಕೆಳಗ ಇಳದಿತ್ತು. ಇಲ್ಲಿಂದ ಹೊಂಟ್ರ ಕಾಲು ತೋಯದಂಗ ಶ್ರೀಲಂಕಾಕ್ಕ ನಡಕೋತ ಹೋಗಬಹುದಿತ್ತು. ನಮ್ಮ ಕಡೆ ಹಿಮ ಬರಲಿಲ್ಲ, ಆದ್ರ ಮಳಿ ಸೊರಗಿತು. ಸಮುದ್ರ ತಣ್ಣಗ ಆದ್ರ ಮೋಡ ಎಲ್ಲಿಂದ ಏಳಬೇಕು? ಮಣ್ಣಾಗಿನ ನೀರು ಆರಿ ಆರಿ, ಅದರಾಗಿನ ಸುಣ್ಣ ಗಂಟುಕಟ್ಟಿ ಈ ಹರಳಾತು. ಬರ ಜೋರ ಇದ್ದಷ್ಟೂ ಹರಳು ಗಟ್ಟಿ.”

ಒಂಬತ್ತನೆಯ ಮತ್ತು ಹತ್ತನೆಯ ಮೊಳದ ಹರಳೇ ಎಲ್ಲಕ್ಕಿಂತ ಬಿಳಿ, ಖಣ್ ಎಂದು ಸದ್ದು ಮಾಡುವಂಥದ್ದು. ಕಮತಗಿಯ ಗುಡಿ, ಮಸೀದಿ, ಮದುವೆಯ ಮನೆ, ಎಲ್ಲ ಗೋಡೆಗೂ ಬಾಳಮ್ಮ ಕೊಟ್ಟಿದ್ದು ಅದೇ ಪದರದ ಸುಣ್ಣ. ಹಬ್ಬಕ್ಕೆಂದು ನಾವೆಲ್ಲ ಗೋಡೆಗೆ ಬಳಿದುಕೊಂಡಿದ್ದು ಇಪ್ಪತ್ತು ಸಾವಿರ ವರ್ಷದ ಹಿಂದಿನ ಬರಗಾಲವನ್ನು. ಬಾಳಮ್ಮ ಬಹಳ ಹೊತ್ತು ಆ ಪದರದಿಂದ ಕೈ ತೆಗೆಯಲಿಲ್ಲ.

ಫೈಜಾನ ಒಂದು ಹರಳಿನ ಮೇಲೆ ಸಣ್ಣ ಶೀಸೆಯಿಂದ ಎರಡು ಹನಿ ಆಸಿಡ್ ಬಿಟ್ಟ. ಚುಯ್ ಎಂದು ಗುಳ್ಳೆಯೆದ್ದವು. ಹರಳು ಗಂಟುಕಟ್ಟುವಾಗ ಹುಲ್ಲಿನ ಬೇರು, ಗಿಡದ ಬೇರು ಮಣ್ಣಿನೊಳಗೆ ಬಿಟ್ಟ ಉಸಿರೂ ಅದರಲ್ಲಿ ಸೇರಿಕೊಂಡಿರುತ್ತದೆ, ಪ್ರಯೋಗಾಲಯದಲ್ಲಿ ಆ ಗಾಳಿಯನ್ನು ಹಿಡಿದು, ಅಂದು ಇಲ್ಲಿ ಬೆಳೆದದ್ದು ಹುಲ್ಲೋ ಮರವೋ, ಮಳೆ ಹೆಚ್ಚೋ ಕಡಿಮೆಯೋ ಎಂದು ಓದುತ್ತೇವೆ, ಎಂದು ಹೇಳಿದ.

“ಹಂಗಾದ್ರ ನಾ ಭಟ್ಟಿಗೆ ಹಾಕಿ ಸುಟ್ಟಾಗ?” ಬಾಳಮ್ಮ ಕೇಳಿದಳು.

“ಅದೇ ಉಸಿರು ಹೊರಗ ಹೋಗತೈತಿ, ಆಯಿ. ಗಟ್ಟಿಯಾಗಿ ಉಳದದ್ದು ಸುಣ್ಣ.”

ಆಕೆ ಗುಳ್ಳೆ ಆರುವ ತನಕ ನೋಡಿದಳು. “ನಾಲ್ವತ್ತೆಂಟು ವರ್ಷ ಸುಟ್ಟೇನಿ. ಯಾವ ಯಾವ ಹುಲ್ಲಿನ ಉಸಿರು ಬಿಟ್ಟೇನೋ ನಮ್ಮವ್ವಾ,” ಎಂದು ಮೆಲ್ಲಗೆ ಅಂದಳು. ಆ ಗುಳ್ಳೆ ಒಡೆದ ಗಾಳಿಯನ್ನೇ ಅಲ್ಲವೇ ನಾವು ಮೂವರೂ ಉಸಿರಾಡಿದ್ದು.

ಆರು ದಿನ ಫೈಜಾನ ಆ ದಂಡೆಯನ್ನು ಟೇಪು ಹಿಡಿದು ಅಳೆದು ಹರಳು ತೆಗೆದ. ಮೇಲಿನಿಂದ ಕೆಳಗಿನವರೆಗೆ ನಲವತ್ತು ಕಡೆ, ಒಂದೊಂದು ಕಡೆಯಿಂದ ಐದೈದು ಹರಳು. ಅವನ ತಾಯಿ ಹಜರತಬಿ ಬಿಳಿ ಬಟ್ಟೆಯಲ್ಲಿ ನಲವತ್ತು ಸಣ್ಣ ಚೀಲ ಹೊಲಿದು ಕೊಟ್ಟಿದ್ದರು. ಒಂದೊಂದರ ಮೇಲೆ ಒಂದೊಂದು ನಂಬರು. ಮಣ್ಣಿನ ತೇವ ಆರಲಿ ಎಂದು ಚೀಲಗಳನ್ನು ಬಾಳಮ್ಮನ ಪಡಸಾಲೆಯಲ್ಲಿಟ್ಟು, ನಾಲ್ಕು ದಿನದಲ್ಲಿ ಬರ್ತೇನಿ ಎಂದು ಇಳಕಲ್ಲಿಗೆ ಹೋದ. ಹೋದವನಿಗೆ ಕಾಮಾಲೆ ಹಿಡಿಯಿತು. ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಆಗಸ್ಟಿನಲ್ಲಿ ಮಲಪ್ರಭೆ ತುಂಬಿ ಬಂದು, ಇಳಿಯುವಾಗ ಆ ದಂಡೆಯನ್ನು ಬುಡಸಮೇತ ಕರೆದುಕೊಂಡು ಹೋದಳು. ನಾನು ನೋಡಲು ಹೋದರೆ ಅಲ್ಲಿ ಗೋಡೆಯೇ ಇರಲಿಲ್ಲ, ಬರೀ ಕೆಸರಿನ ಇಳಿಜಾರು. ಮೂವತ್ತು ಸಾವಿರ ವರ್ಷ ಉಳಿದುಕೊಂಡಿದ್ದು ಈಗ ನಲವತ್ತು ಚೀಲದಲ್ಲಿ ಮಾತ್ರ ಇತ್ತು. ದೇವರು ದೊಡ್ಡವನು, ಹುಡುಗ ಮೊದಲೇ ತೆಗೆದಿಟ್ಟಿದ್ದಾನೆ ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಫೈಜಾನ ಬಂದ, ಅರ್ಧ ಇಳಿದು ಹೋಗಿದ್ದ. ಇಬ್ಬರೂ ಬಾಳಮ್ಮನ ಮನೆಗೆ ಹೋದೆವು. ಆಕೆ ನಗುನಗುತ್ತ ಒಳಗಿನಿಂದ ಬಟ್ಟೆಯ ಒಂದು ಗಂಟು ತಂದು ಅವನ ಕೈಗಿಟ್ಟಳು. ನಲವತ್ತು ಚೀಲ, ಸೋಪು ಹಚ್ಚಿ ಒಗೆದು, ಬಿಸಿಲಿಗೆ ಒಣಗಿಸಿ, ಒಂದೇ ಅಳತೆಗೆ ಮಡಚಿದ್ದು. ನಂಬರು ಎಲ್ಲ ಹಾಗೇ ಇದ್ದವು. ಚೀಲ ಮಾತ್ರ ಖಾಲಿ.

“ಹುಡುಗ ಬ್ಯಾನಿಯಿಂದ ಎದ್ದು ಬರತಾನ, ಮತ್ತ ಯಾಕ ತ್ರಾಸ ಅಂತ ನಾನ ಎಲ್ಲಾ ತೊಳದು ಆರಿಸಿ ಇಟ್ಟೇನಪ್ಪಾ,” ಎಂದು ಅಂಗಳದ ಕಡೆ ಕೈ ತೋರಿಸಿದಳು. ಅಲ್ಲಿ ಮೂರು ಗುಂಪು. ಖಣ್ ಎನ್ನುವವು, ಮಂದ ಸದ್ದಿನವು, ಉದುರುವವು. ಇನ್ನೂರು ಹರಳೂ ಲಕಲಕ ಹೊಳೆಯುತ್ತಿದ್ದವು.

ಫೈಜಾನ ಕಟ್ಟೆಯ ಮೇಲೆ ಕುಳಿತುಬಿಟ್ಟ. ಮಾತಾಡಿದ್ದು ನಾನು. “ಏನ ಮಾಡಿದಿಬೇ ಬಾಳಮ್ಮಾ! ತಲ್ಯಾಗ ಬುದ್ಧಿ ಐತೋ ಸುಣ್ಣ ತುಂಬೇತೋ? ಅವನ ಮೂರು ವರ್ಷದ ದುಡಿಮಿ ನೀರಿಗೆ ಹಾಕಿದೆಲ್ಲ,” ಎಂದು ಓಣಿಯೆಲ್ಲ ಕೇಳುವಂತೆ ಬೈದೆ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಬಾಳಮ್ಮ ಸೆರಗಿನ ತುದಿ ಹಿಡಿದು ನಿಂತೇ ಇದ್ದಳು.

“ತೊಳದದ್ದ ತಪ್ಪಾತೇನಪ್ಪಾ?” ಎಂದು ಫೈಜಾನನನ್ನು ಕೇಳಿದಳು, ನನ್ನನ್ನಲ್ಲ.

“ತೊಳದದ್ದಕ್ಕ ಏನೂ ಆಗಿಲ್ಲ ಆಯಿ. ಯಾವ ಹರಳು ಎಷ್ಟು ಆಳದಾಗಿಂದು ಅನ್ನೋದು ಹೋತು. ವಯಸ್ಸು ಹೋತು ಅಂದಂಗ. ದಂಡಿನೂ ಇಲ್ಲ, ಮತ್ತ ತಗಿಯೂಣು ಅಂದ್ರ,” ಎಂದ ಅವನು. ಅಷ್ಟರಲ್ಲೇ ಕಣ್ಣೀರು ಬಂತು.

ಬಾಳಮ್ಮ ಮೊದಲ ಗುಂಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಒಂದು ಹರಳು ಎತ್ತಿ ತೂಗಿದಳು, ಇನ್ನೊಂದಕ್ಕೆ ತಾಗಿಸಿದಳು, ನಾಲಿಗೆಗೆ ಹಚ್ಚಿದಳು. “ಇದು ಹತ್ತನೇ ಮೊಳದ್ದು,” ಎಂದಳು. ಇನ್ನೊಂದು ಎತ್ತಿದಳು. “ಇದು ಎರಡನೇದು. ಎರಿಮಣ್ಣು ಬಿರುಕಿನಾಗ ಕುಂತೈತಿ ನೋಡು, ತೊಳದ್ರೂ ಹೋಗಂಗಿಲ್ಲ.” ಮತ್ತೊಂದು. “ಇದು ಹದಿಮೂರು. ಉಸುಕು ಹಲ್ಲಿಗೆ ಹತ್ತತೈತಿ.”

ಫೈಜಾನ ತಲೆ ಎತ್ತಿದ. “ಖರೇನ ಗೊತ್ತಾಗತೈತಾ ಆಯಿ?”

“ನಾಲ್ವತ್ತೆಂಟು ವರ್ಷ ನೆಕ್ಕೇನಪ್ಪಾ ಇವನ್ನ. ನನ್ನ ಮಗನ ಮಾರಿ ಮರತೇನು, ಇದನ್ನ ಮರಿಯಂಗಿಲ್ಲ.”

ಮರುದಿನ ಬೆಳಿಗ್ಗೆ ಬಾಳಮ್ಮ ಅಂಗಳ ಸಾರಿಸಿ, ಸುಣ್ಣದಿಂದ ಹದಿನಾಲ್ಕು ಗೆರೆ ಎಳೆದಳು. ಒಂದು ಮೊಳಕ್ಕೆ ಒಂದು ಗೆರೆ. ಎಂಟು ದಿನ ಕುಳಿತಳು. ಆ ಎಂಟು ದಿನ ಎಲೆ ಅಡಿಕೆ ಮುಟ್ಟಲಿಲ್ಲ, ಕೆಲಸದ ಹೊತ್ತಿನಲ್ಲಿ ಚಹಾ ಕುಡಿಯಲಿಲ್ಲ, ಒಂದೊಂದು ಹರಳಿಗೂ ಬಾಯಿ ಮುಕ್ಕಳಿಸಿದಳು. ಒಂದು ಹರಳಿಗೆ ಕೆಲವೊಮ್ಮೆ ಅರ್ಧ ತಾಸು. ಇಟ್ಟದ್ದನ್ನು ತೆಗೆದು ಬೇರೆ ಗೆರೆಗೆ ಇಡುತ್ತಿದ್ದಳು. ನಾನು ಮೊದಲ ದಿನ ದೂರ ನಿಂತೆ, ಎರಡನೆಯ ದಿನ ನೀರಿನ ತಂಬಿಗೆ ತುಂಬಿಕೊಟ್ಟೆ, ಮೂರನೆಯ ದಿನ ತಪ್ಪಾಯಿತು ಎಂದೆ. “ಸುಮ್ನ ಕೂಡ್ರಿ ಮಾಸ್ತರ್ರ, ಸದ್ದು ಕೇಳಸವಲ್ದು,” ಎಂದಳು ಬಾಳಮ್ಮ. ನನ್ನ ಜನ್ಮದಲ್ಲಿ ಯಾರೂ ಹಾಗೆ ನನ್ನ ಬಾಯಿ ಮುಚ್ಚಿಸಿದ್ದಿಲ್ಲ, ಸುಮ್ಮನೆ ಕುಳಿತೆ. ಗೆರೆಗಳು ತುಂಬುತ್ತ ಬಂದಂತೆ ನನಗೆ ದಿಗಿಲಾಗತೊಡಗಿತು. ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಎರಡು ಸಾವಿರ ವರ್ಷ. ನಮ್ಮ ಬಾದಾಮಿಯ ಗುಹೆ ಕೊರೆದದ್ದು, ಬಸವಣ್ಣನವರು ಈ ನೆಲದಲ್ಲಿ ಓಡಾಡಿದ್ದು, ನನ್ನ ಅಜ್ಜ ಮುತ್ತಜ್ಜ ಎಲ್ಲ ಮೊದಲನೆಯ ಗೆರೆಯೊಳಗೇ ಮುಗಿದುಹೋಗಿದ್ದರು. ಉಳಿದ ಹದಿಮೂರು ಗೆರೆಗಳಲ್ಲಿ ಬರೀ ಮಳೆ, ಬಿಸಿಲು, ಹುಲ್ಲು. ನಾನು ಕಲಿಸಿದ ಭೂಗೋಳದಲ್ಲಿ ಇಷ್ಟು ಜಾಗ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಎಂಟನೆಯ ದಿನ ಸಂಜೆಗೆ ನೂರ ಎಪ್ಪತ್ಮೂರು ಹರಳು ಗೆರೆ ಸೇರಿದವು. ಇಪ್ಪತ್ತೇಳು ಉಳಿದವು. ಬಾಳಮ್ಮ ಅವನ್ನು ಮತ್ತೆ ಮತ್ತೆ ಎತ್ತಿ ನೋಡಿ, ಕೊನೆಗೆ ಒಂದು ಬುಟ್ಟಿಗೆ ಹಾಕಿ ಪಕ್ಕಕ್ಕೆ ಸರಿಸಿದಳು. ಆರು ಮತ್ತು ಏಳನೆಯ ಗೆರೆ ಖಾಲಿಯಾಗಿದ್ದವು.

“ಇವು ಆರು ಮತ್ತ ಏಳನೇ ಮೊಳದ್ದು, ಅಷ್ಟು ಖರೆ. ಆದ್ರ ಯಾವುದು ಮ್ಯಾಲ, ಯಾವುದು ಕೆಳಗ, ನನಗ ಗೊತ್ತಿಲ್ಲ. ಆ ಎರಡು ಮೊಳ ನಮ್ಮವ್ರು ಮುಟ್ಟತಿರಲಿಲ್ಲ. ಅತ್ಲಾಗ ಗಟ್ಟಿನೂ ಅಲ್ಲ ಇತ್ಲಾಗ ಮೆತ್ತಗೂ ಅಲ್ಲ, ಒಂದು ಬೆಂದ್ರ ಒಂದು ಬೇಯಂಗಿಲ್ಲ. ನನ್ನ ನಾಲಿಗಿ ಅದನ್ನ ಕಲತಿಲ್ಲ,” ಎಂದಳು.

ಫೈಜಾನನ ಮುಖ ಬಿಳಿಚಿತು. ಯಾಕೆಂದು ನನಗೂ ಗೊತ್ತಿತ್ತು. ಹಿಮ ಕರಗಿದ್ದು, ಸಮುದ್ರ ಏರಿದ್ದು, ಮಳೆ ತಿರುಗಿ ಬಂದದ್ದು ಆ ಎರಡು ಮೊಳದಲ್ಲಿ. ಅವನ ಪ್ರಶ್ನೆ ಇದ್ದದ್ದೇ ಅಲ್ಲಿ. ಆ ಇಪ್ಪತ್ತೇಳರ ಸಾಲು ಸಿಕ್ಕರೆ ಮಳೆ ಸಾವಕಾಶ ಬಂತೋ ಒಮ್ಮೆಲೇ ಬಂತೋ ಹೇಳಬಹುದು. ಒಂದೊಂದರ ವಯಸ್ಸು ಬೇರೆ ಬೇರೆ ತೆಗೆಸಿದರೂ ಸಾವಿರ ವರ್ಷ ಹಿಂದೆ ಮುಂದೆ ಆಗುತ್ತದೆ, ಸಾಲು ಕೂಡುವುದಿಲ್ಲ.

“ಆಯಿ, ಒಂದು ಅಂದಾಜರ ಹೇಳ್ರಿ. ನಿಮ್ಮ ಮನಸಿಗೆ ಬಂದಂಗ ಇಡ್ರಿ. ನಾ ಅದನ್ನ ಬರಕೋತೇನಿ, ಯಾರೂ ಕೇಳಂಗಿಲ್ಲ,” ಎಂದು ಅವಳ ಕೈಹಿಡಿದ.

“ಗೊತ್ತಿಲ್ಲಪ್ಪಾ.”

“ನನ್ನ ಓದು ಇಲ್ಲಿಗೇ ನಿಲ್ಲತೈತ್ರಿ ಆಯಿ.” ಅವನು ಅತ್ತ. ದೊಡ್ಡವನಾದ ಮೇಲೆ ಅವನು ಅಳುವುದನ್ನು ನಾನು ಎರಡನೆಯ ಸಲ ನೋಡಿದೆ. ನನ್ನ ನಾಲಿಗೆ ತುದಿಗೂ ಬಂದಿತ್ತು, ಹೇಳಿಬಿಡು ಮಾರಾಯ್ತಿ, ಹಾಳು ಮಾಡಿದವಳು ನೀನೇ, ಒಂದು ಮಾತಿನಲ್ಲಿ ಹುಡುಗ ಉಳಿಯುತ್ತಾನೆ, ಎಂದು. ಬಾಳಮ್ಮನ ಕಣ್ಣಲ್ಲೂ ನೀರಿತ್ತು. ಇಪ್ಪತ್ತೇಳನ್ನೂ ಒಂದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಅವನ ಮುಂದಿಟ್ಟು ಒಳಗೆ ಹೋದಳು.

ಫೈಜಾನ ಇದ್ದದ್ದನ್ನು ಇದ್ದಂತೆ ತನ್ನ ಮಾರ್ಗದರ್ಶಕರಿಗೆ ಹೇಳಿದ. ಅವರು ಬಸವೇಶ್ವರಿ ಮೇಡಂ, ಮೂಲ ನಮ್ಮ ಬಾಗಲಕೋಟೆಯವರೇ. ಫೋನಿನಲ್ಲಿ ಸಿಡುಕಿದರಂತೆ, ನಾಲಿಗೆಯ ಸಾಕ್ಷಿ ಯಾರು ಒಪ್ಪುತ್ತಾರೆ ಎಂದು. ಆದರೂ ಹದಿನೈದು ದಿನಕ್ಕೆ ತಾವೇ ಬಂದರು. ಮೊದಲ ಸಲ ಒಯ್ದ ಎಂಟು ಹರಳಿನ ಉಳಿದ ತುಂಡುಗಳು ಅವರ ಹತ್ತಿರ ಇದ್ದವು, ಆಳ ಖಚಿತವಾಗಿ ಗೊತ್ತಿದ್ದವು. ಆ ಎಂಟನ್ನು ಒಂದು ತಾಟಿನಲ್ಲಿ ಕಲಸಿ ಬಾಳಮ್ಮನ ಮುಂದಿಟ್ಟರು. ಫೈಜಾನನನ್ನು ಹೊರಗೆ ಕಳಿಸಿದರು. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು, ಎಲ್ಲಿ ಕಣ್ಸನ್ನೆ ಮಾಡುತ್ತೇನೋ ಎಂದು. ಅರವತ್ತಾರರ ವಯಸ್ಸಿನಲ್ಲಿ ನಾನೇ ಗೋಡೆ ನೋಡುತ್ತ ಕುಳಿತೆ.

ಒಂದು ತಾಸಿನ ಮೇಲೆ ಬಾಳಮ್ಮ ಕೈ ತೊಳೆದಳು. ಮೇಡಂ ತಮ್ಮ ಪಟ್ಟಿ ತೆಗೆದು ನೋಡಿದರು. ಆರು ಹರಳು ಇರಬೇಕಾದಲ್ಲೇ ಇದ್ದವು. ಅಕ್ಕಪಕ್ಕದ ಎರಡು ಅದಲುಬದಲಾಗಿದ್ದವು, ಮೂರನೆಯದು ಎರಡರಲ್ಲಿ, ಎರಡನೆಯದು ಮೂರರಲ್ಲಿ.

“ಎಷ್ಟು ತಪ್ಪಾತ್ರಿ?” ಎಂದಳು ಬಾಳಮ್ಮ.

“ಎರಡು ಸಾವಿರ ವರ್ಷ ತಪ್ಪಾತು.”

ಬಾಳಮ್ಮ ಗದ್ದದ ಮೇಲೆ ಕೈಯಿಟ್ಟುಕೊಂಡಳು. ಮೇಡಂ ಮೊದಲ ಸಲ ನಕ್ಕರು. “ನಮ್ಮ ಮಷೀನೂ ಅಷ್ಟು ತಪ್ಪು ಮಾಡತೈತಿ, ಬಾಳಮ್ಮಾ. ನಿಮ್ಮ ಹನ್ನೆರಡು ಮೊಳ ನಾವು ತಗೋತೇವಿ. ಆ ಎರಡು ಮೊಳ ಮಾತ್ರ ಬಿಡಬೇಕಾಗತೈತಿ. ಪ್ರಶ್ನಿಗೆ ಉತ್ತರ ಸಿಗಲಿಕ್ಕಿಲ್ಲ,” ಎಂದರು. ಹೊರಗಿನಿಂದ ಬಂದ ಫೈಜಾನ ತಲೆಯಾಡಿಸಿದ, ಅಷ್ಟೇ.

ಚಹಾ ಆಯಿತು. ಬಾಳಮ್ಮನ ಮನಸ್ಸು ಮಾತ್ರ ಇನ್ನೂ ಹಿಮದಲ್ಲೇ ಇತ್ತು. “ಅಷ್ಟು ಹಿಮ ಯಾಕ ಕರಗಿತ್ರಿ?” ಎಂದು ಕೇಳಿದಳು. ಭೂಮಿ ಬುಗುರಿಯ ಹಾಗೆ ತಿರುಗುವಾಗ ಬಹಳ ಸಾವಕಾಶ ತೊನೆಯುತ್ತದೆ, ಅದರ ಓಲಾಟಕ್ಕೆ ಉತ್ತರದ ಕಡೆ ಬಿಸಿಲು ಸ್ವಲ್ಪ ಹೆಚ್ಚಾಗಿ ಬಿತ್ತು, ಹಿಮ ಸಡಿಲವಾಯಿತು, ಸಮುದ್ರ ತನ್ನೊಳಗೆ ಹಿಡಿದಿಟ್ಟ ಗಾಳಿ ಬಿಟ್ಟಿತು, ಆ ಗಾಳಿ ಕಂಬಳಿಯಂತೆ ಸೆಕೆ ಹಿಡಿಯಿತು, ಎಂದು ಮೇಡಂ ವಿವರಿಸಿದರು. ಬಾಳಮ್ಮನ ಭಟ್ಟಿಯಲ್ಲಿ ಸುಟ್ಟಾಗ ಹೊರಡುತ್ತದಲ್ಲ, ಅದೇ ಗಾಳಿ. ಹತ್ತು ಲಕ್ಷ ಪಾಲಿನಲ್ಲಿ ತೊಂಬತ್ತು ಪಾಲು ಏರಿದ್ದಕ್ಕೆ ಅಷ್ಟೆಲ್ಲ ಆಯಿತು.

“ಏರಾಕ ಎಷ್ಟ ವರ್ಷ ಹಿಡೀತ್ರಿ?”

“ಆರೇಳು ಸಾವಿರ ವರ್ಷ.”

“ಈಗೇನ ಏರಾಕ ಹತ್ತೈತೋ, ನಿಂತೈತೋ?”

ಮೇಡಂ ಬಾಳಮ್ಮನ ಕಡೆ ತಿರುಗಿದರು. “ನೀವು ಹುಟ್ಟಿದಾಗಿಂದ ಇಲ್ಲೀತನಕ ನೂರು ಪಾಲು ಏರೇತಿ. ಕಲ್ಲಿದ್ದಲು, ಪೆಟ್ರೋಲು, ಸಿಮೆಂಟು. ನಿಮ್ಮ ಭಟ್ಟಿದೂ ಒಂದು ಚಿಟಿಕಿ ಅದರಾಗ ಐತಿ.”

ಏಳು ಸಾವಿರ ವರ್ಷದಲ್ಲಿ ಆದದ್ದು ಈಗ ಒಂದು ಹೆಂಗಸಿನ ಆಯುಷ್ಯದಲ್ಲಿ ಆಗಿತ್ತು. ಆ ಹೆಂಗಸು ನಮ್ಮ ಮುಂದೆಯೇ ಖಾಲಿ ಕಪ್ಪು ಹಿಡಿದು ಕುಳಿತಿದ್ದಳು. ನನಗೆ ಹೆದರಿಕೆಯೂ ಆಯಿತು, ಬೆರಗೂ ಆಯಿತು. ಇಷ್ಟು ದೊಡ್ಡ ಭೂಮಿಯನ್ನು ಅಲುಗಾಡಿಸುವಷ್ಟು ನಾವು ಯಾವಾಗ ಬೆಳೆದೆವು? ಬಾಳಮ್ಮ ಕಪ್ಪು ಕೆಳಗಿಟ್ಟು, “ಮಣ್ಣಿನಾಗ ನಮ್ಮ ಮೊಳ ಹೆಂಗ ಕಂಡೀತೋ,” ಎಂದಳು.

ಅದಾಗಿ ಎರಡೂವರೆ ವರ್ಷ ಕಳೆಯಿತು. ಈ ಫೆಬ್ರವರಿಯಲ್ಲಿ ಫೈಜಾನ ದಪ್ಪನೆಯ ಒಂದು ಪುಸ್ತಕ ಹಿಡಿದು ಬಂದ. ಪ್ರಬಂಧ ಪಾಸಾಗಿತ್ತು. ಬಾಳಮ್ಮನ ಅಂಗಳದಲ್ಲಿ ಕುಳಿತು ಅದರ ನಡುವಿನ ಒಂದು ಚಿತ್ರ ತೆರೆದು ತೋರಿಸಿದ. ಕೆಳಗಿನಿಂದ ಒಂದು ಗೆರೆ ಏರಿಳಿಯುತ್ತ ಬರುತ್ತದೆ, ಒಂಬತ್ತು ಹತ್ತರಲ್ಲಿ ಬರದ ಕಡೆ ವಾಲುತ್ತದೆ, ಎಂಟರ ಮೇಲೆ ಹಠಾತ್ತನೆ ನಿಂತುಹೋಗುತ್ತದೆ. ಆಮೇಲೆ ಬರೀ ಬಿಳಿ ಕಾಗದ. ಐದರಿಂದ ಮತ್ತೆ ಶುರುವಾಗುವಾಗ ಮಳೆ ಬಂದುಬಿಟ್ಟಿರುತ್ತದೆ.

“ಇಲ್ಲಿ ಯಾಕ ಏನೂ ಇಲ್ಲಪ್ಪಾ?” ಬಾಳಮ್ಮ ಬಿಳಿಯ ಜಾಗದ ಮೇಲೆ ಬೆರಳಿಟ್ಟಳು.

“ಅವು ಆ ಇಪ್ಪತ್ತೇಳು, ಆಯಿ. ಪರೀಕ್ಷಕರು ಮೊದಲ ಕೇಳಿದ್ದು ಅದನ್ನ. ಅಲ್ಲಿ ಬೇಕಾದಂಗ ಜೋಡಿಸಬಹುದಿತ್ತಲ್ಲ, ಯಾಕ ಬಿಟ್ಟಿ ಅಂದ್ರು. ಆ ಸಾಲು ನನಗ ಗೊತ್ತಿಲ್ಲ ಅಂತ ಕಮತಗಿಯ ಬಾಳಮ್ಮ ಸುಣಗಾರ ಹೇಳಿದ್ರು, ನಾ ಅತ್ತು ಬೇಡಿದ್ರೂ ಹೇಳಲಿಲ್ಲ ಅಂದೆ. ಆಮ್ಯಾಲ ಉಳದ ನೂರಾ ಎಪ್ಪತ್ಮೂರರ ಮ್ಯಾಲ ಒಂದ ಒಂದು ಪ್ರಶ್ನಿ ಕೇಳಲಿಲ್ಲ.”

ಬಾಳಮ್ಮ ಮುಖಕ್ಕೆ ಸೆರಗು ಹಿಡಿದುಕೊಂಡು ಅತ್ತಳು. ಆದರೆ ಎರಡೂವರೆ ವರ್ಷದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳದಿದ್ದರೆ ನಾನು ನಾಗಲಿಂಗ ಮಾಸ್ತರನೇ ಅಲ್ಲ. “ಬಾಳಮ್ಮಾ, ಖರೆ ಹೇಳು. ಹುಡುಗ ಅಷ್ಟು ಅತ್ತ. ತಪ್ಪು ಮಾಡಿದಾಕಿನೂ ನೀನ. ಒಂದು ಮಾತು ಹೇಳಿಬಿಟ್ಟಿದ್ರ ಯಾರಿಗೆ ಗೊತ್ತಾಗತಿತ್ತು?”

ಆಕೆ ಮೂಗು ಒರೆಸಿಕೊಂಡಳು.

“ಇವನೊಬ್ಬನ ಮುಂದ ಆಗಿದ್ರ ಹೇಳೇ ಬಿಡತಿದ್ನಿ ಮಾಸ್ತರ್ರ. ಆದ್ರ ಹದಿನೈದು ಸಾವಿರ ವರ್ಷ ಸುಮ್ಮನ ಕುಂತದ್ದು ನನ್ನ ಕೈಯಾಗ ಇತ್ತು. ಅದರ ಮುಂದ ಸುಳ್ಳ ಹೇಳಾಕ ನನಗ ಬಾಯಿ ಬರಲಿಲ್ಲ.”